ಗೌಡ್ರ ಭಾಷಣಕ್ಕೆ ಬಾರಿಸಿದ ಗಂಟೆ

ನಾನು ಒಂದು ಮೇಜಿನ ಗಂಟೆ. ನೆತ್ತಿಯ ಗುಂಡಿ ಒತ್ತಿದರೆ ಟಣ್ ಎನ್ನುವ ಜಾತಿ. ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ತಗಡನ್ನು ಬಟ್ಟಲಿನಂತೆ ಬಗ್ಗಿಸಿ, ಹೊಟ್ಟೆಯೊಳಗೆ ಪುಟ್ಟ ಸುತ್ತಿಗೆ ಇಟ್ಟು ನನ್ನನ್ನು ಮಾಡಿದರು. ಮೊದಲು ಸೇರಿದ್ದು ಒಂದು ಕಚೇರಿ. ಸಾಹೇಬರು ನನ್ನ ನೆತ್ತಿಗೆ ಬಡಿದರೆ ಜವಾನ ಓಡಿ ಬರುತ್ತಿದ್ದ. ಅದು ನನ್ನದೇ ಗತ್ತು ಎಂದುಕೊಂಡು ಎಷ್ಟೋ ವರ್ಷ ಬೀಗಿದೆ. ಕರೆಂಟಿನ ಗಂಟೆ ಬಂದದ್ದೇ ತಡ, ನನ್ನನ್ನು ಕೇಳುವವರೇ ಇಲ್ಲವಾದರು. ಗುಮಾಸ್ತರೊಬ್ಬರು ಒಯ್ದು ತಮ್ಮೂರಿನ ಕಾಲೇಜಿನ ಚರ್ಚಾ ಸಂಘಕ್ಕೆ ಕೊಟ್ಟುಬಿಟ್ಟರು.

ಅಲ್ಲಿ ನನಗೆ ಮತ್ತೆ ಜೀವ ಬಂತು. ಸ್ಪರ್ಧೆಯಲ್ಲಿ ನಾಲ್ಕು ನಿಮಿಷಕ್ಕೆ ಒಂದು ಸಲ, ಐದಕ್ಕೆ ಎರಡು ಸಲ. ಎರಡನೆಯದಕ್ಕೆ ಎಂಥ ಮಾತುಗಾರನೂ ತೆಪ್ಪಗೆ ಕೂರಬೇಕು. ಬಾರಿಸುವ ಹಕ್ಕು ಸಂಘದ ಕಾರ್ಯದರ್ಶಿಯದು. ಎಷ್ಟೋ ಕಾರ್ಯದರ್ಶಿಗಳು ಬಂದರು, ಹೋದರು. ಆದರೆ ದಾಕ್ಷಾಯಣಿಯನ್ನು ಕಂಡು ನಾನು ಬೆರಗಾಗಿಬಿಟ್ಟೆ.

ಅವಳು ಕಲ್ಲಾಪುರದಿಂದ ಬಸ್ಸಿನಲ್ಲಿ ಬರುವ ಹುಡುಗಿ. ಕುರ್ಚಿ ಎಣಿಸಿ ಹಾಕಿಸುವುದು, ತೀರ್ಪುಗಾರರಿಗೆ ಮೂರು ಮೂರು ಸಲ ಫೋನ್ ಮಾಡುವುದು, ಮೈಕಿನವನನ್ನು ರಮಿಸುವುದು, ಎಲ್ಲ ಅವಳದೇ. ಕರೆಯದ ಗಣ್ಯರು ಒಬ್ಬರಾದರೂ ಬಂದೇ ಬರುತ್ತಾರೆಂದು ಒಂದು ಶಾಲು ಹೆಚ್ಚಿಗೆ ತರಿಸಿಟ್ಟಿದ್ದಳು. ಬಂದರು ಕೂಡ! ಇಷ್ಟು ಚಿಕ್ಕ ತಲೆಯಲ್ಲಿ ಇಷ್ಟೆಲ್ಲ ಹೇಗೆ ಹಿಡಿಸಿತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಒಂದೇ ಒಂದು ಅಂಜಿಕೆ ಅವಳಿಗಿತ್ತು. ಹಿಂದಿನ ವರ್ಷ ಸ್ಪರ್ಧೆ ತಡವಾಗಿ ಕಲ್ಲಾಪುರದ ಐದರ ಬಸ್ಸು ತಪ್ಪಿತ್ತು. ಅದೇ ಆ ಊರಿನ ಕೊನೆಯ ಬಸ್ಸು. ನಾಲ್ವರು ಹುಡುಗಿಯರಿಗೆ ಮನೆಯವರು ಕಾಲೇಜು ಬಿಡಿಸಿದ್ದರು. "ನಮ್ಮಪ್ಪನೂ ಹೇಳಿಬಿಟ್ಟಾನ. ಇನ್ನೊಮ್ಮೆ ಬಸ್ ತಪ್ಪಿದ್ರ ಕಾಲೇಜು ಬಂದ್ ಅಂತ," ಎಂದು ಗೆಳತಿ ಶಮೀಮಳಿಗೆ ಹೇಳುತ್ತಲೇ ನನ್ನ ಧೂಳು ಒರೆಸಿದಳು.

ಕಾರ್ಯಕ್ರಮ ಪಟ್ಟಿಯಲ್ಲಿ ಪ್ರಾರ್ಥನೆಯಿಂದ ಹಿಡಿದು ಚಹದವರೆಗೆ ಎಲ್ಲಕ್ಕೂ ನಿಮಿಷ ಬರೆದಳು. ಕೊನೆಯ ಅಧ್ಯಕ್ಷೀಯ ನುಡಿಗೆ ಮಾತ್ರ ಬರೆಯಲಿಲ್ಲ. ಅಧ್ಯಕ್ಷರಿಗೆ ನಿಮಿಷ ಬರೆಯುವ ಪದ್ಧತಿ ಎಲ್ಲಿದೆ ಹೇಳಿ? ತಪ್ಪಾದದ್ದು ಅಲ್ಲೇ.

ಸ್ಪರ್ಧೆಯ ದಿನ ಅಧ್ಯಕ್ಷರಾಗಿ ಬಂದ ಆಡಳಿತ ಮಂಡಳಿಯ ಗುರುಶಾಂತಗೌಡರು ನಾಲ್ಕು ಗಂಟೆಗೆ ಮಾತಿಗೆ ನಿಂತರು. ನಾಲ್ಕೂ ನಲವತ್ತಾದರೂ ಅವರಿನ್ನೂ ತಮ್ಮ ಶಾಲೆಯ ಮೂರನೆಯ ಇಯತ್ತೆಯ ನೆನಪಿನಲ್ಲೇ ಇದ್ದರು. ಕಲ್ಲಾಪುರದ ಹುಡುಗಿಯರು ಚೀಲ ತೊಡೆಯ ಮೇಲಿಟ್ಟುಕೊಂಡು ದಾಕ್ಷಾಯಣಿಯ ಮುಖವನ್ನೇ ನೋಡುತ್ತಿದ್ದರು. ಅವಳ ಬೆರಳು ನನ್ನ ನೆತ್ತಿಗೆ ಬಂತು.

ಟಣ್. ಗೌಡರು ನಕ್ಕು ಮುಂದುವರಿಸಿದರು. ಟಣ್, ಟಣ್.

ಪ್ರಾಚಾರ್ಯರು ಅರ್ಧ ಎದ್ದು ನಿಂತರು.

"ಯಾರವಾ ಬಾರಿಸಿದ್ದು?" ಎಂದರು ಗೌಡರು.

"ನಾನ್ರೀ. ಐದರ ಬಸ್ಸಿಗೆ ಹುಡುಗ್ಯಾರು ಹೋಗಬೇಕ್ರೀ. ತಪ್ಪಿದ್ರ ನಾಳಿಂದ ಕಾಲೇಜಿಗೆ ಕಳಸಂಗಿಲ್ರೀ."

ಗೌಡರು ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು. ಕೈಯಲ್ಲಿದ್ದ ಹಾಳೆ ಮಡಚಿದರು. "ಹಂಗಾದ್ರ ನಂದು ಮುಗೀತು ಬಿಡವಾ," ಎಂದು ಕುಳಿತೇಬಿಟ್ಟರು. ಹುಡುಗಿಯರು ಬಾಗಿಲಿಗೆ ಓಡಿದರು.

ಆದರೆ ಕಾರ್ಯದರ್ಶಿ ಓಡುವಂತಿಲ್ಲ. ವಂದನಾರ್ಪಣೆ ಮಾಡಬೇಕು, ಅತಿಥಿಗಳನ್ನು ಕಾರಿನವರೆಗೆ ಬಿಟ್ಟು ಬರಬೇಕು. ಅದೆಲ್ಲ ಮುಗಿಸಿ ಗಡಿಯಾರ ನೋಡಿದಳು. ಐದು ದಾಟಿ ಹತ್ತು ನಿಮಿಷ. ಮೇಜಿಗೆ ಆತು ನಿಂತು, ನನ್ನನ್ನು ಎದೆಗೆ ಅವುಚಿಕೊಂಡು ಅತ್ತಳು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಹಾರ್ನ್ ಕೇಳಿಸಿತು. ನನ್ನನ್ನು ಹಿಡಿದುಕೊಂಡೇ ಓಡಿದಳು. ಬಸ್ಸು ಅಲ್ಲೇ ನಿಂತಿತ್ತು! ಶಮೀಮ ಉಳಿದ ಹುಡುಗಿಯರೊಂದಿಗೆ ಚಾಲಕನ ಎದುರಿಗೇ, ರಸ್ತೆಯ ಮೇಲೆ ಚೀಲ ಇಟ್ಟು ಕುಳಿತಿದ್ದಳು. "ಲಗೂನ ಹತ್ತವಾ ತಾಯಿ, ಇವರು ಬಸ್ ಬಿಡವೊಲ್ಲರು," ಎಂದ ಕಂಡಕ್ಟರ್. ಕಚೇರಿ ಕಂಡವ, ಎಷ್ಟೋ ಸಭೆ ಕಂಡವ ನಾನು. ಅಂಥದ್ದನ್ನು ಮಾತ್ರ ಕಂಡಿರಲಿಲ್ಲ.

ಈಗ ನನ್ನ ಸುತ್ತಿಗೆ ಸವೆದಿದೆ. ಸಂಘದ ಕಪಾಟಿನ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದೇನೆ. ಇಲ್ಲಿಗೆ ಬಂದ ಮೇಲೆ ಒಂದೇ ಒಂದು ರಾತ್ರಿ ನಾನು ಈ ಕಾಲೇಜಿನ ಹೊರಗೆ ಕಳೆದದ್ದು, ಅದು ಅವತ್ತು, ಕಲ್ಲಾಪುರದಲ್ಲಿ. ದಾಕ್ಷಾಯಣಿಯ ಅಪ್ಪ ಬಾಗಿಲಲ್ಲೇ ನಿಂತಿದ್ದ. ಮಗಳ ಕೈಯಲ್ಲಿದ್ದ ನನ್ನನ್ನು ನೋಡಿ, "ಇದೇನವಾ?" ಎಂದ.

"ಸಂಘದ್ದಪ್ಪಾ. ಗದ್ದಲದಾಗ ಕೈಯಾಗ ಉಳೀತು."

ಅವನು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಅವಳ ಚೀಲದೊಳಗೆ ತಾನೇ ಇಟ್ಟ.

"ಮಂದಿ ಸಾಮಾನು. ನಾಳೆ ಕಾಲೇಜಿಗೆ ಹೋದಾಗ ಮುಟ್ಟಿಸು."