ಕೈಗೆ ಎಟಕುವ ಮನೆ

ಕೊಡ ನಲ್ಲಿಯ ಕೆಳಗೆ ಹೋಗಲೇ ಇಲ್ಲ. ದಿನೇಶ ಅದನ್ನು ಓರೆ ಮಾಡಿದ, ತುರುಕಿದ, ಕೊನೆಗೆ ಒದ್ದ.

"ಥೂ, ಇದೇನ್ ಮನೆನೋ! ನಮ್ಮಣ್ಣನ ಕೊನೇ ಸ್ನಾನಕ್ಕೆ ಒಂದ್ ಕೊಡ ನೀರ್ ಹಿಡಿಯಕ್ಕಾಗಲ್ಲ."

"ಚೊಂಬಲ್ಲಿ ಹಿಡಿದು ತುಂಬ್ಸಪ್ಪ," ಒಳಗಿಂದ ಜಲಜಾ ಹೇಳಿದಳು. "ನಿಮ್ಮಣ್ಣ ಹಂಗೇ ತುಂಬಿಸ್ತಿದ್ರು."

ಗಂಡನ ಹೆಣದ ಪಕ್ಕ ನೆಲದ ಮೇಲೆ ಕೂತಿದ್ದಳು. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಡಿದ ಮೇಲೆ ಅವಳ ಓಡಾಟವೆಲ್ಲ ನೆಲದ ಮೇಲೆಯೇ, ಕೈಯೂರಿ ತೆವಳಿಕೊಂಡು. ಗಂಡ ಸೂರ್ಯಪ್ರಕಾಶ ಬ್ಯಾಂಕೊಂದರಲ್ಲಿ ಗುಮಾಸ್ತ. ತೊಂಬತ್ತೊಂದರಲ್ಲಿ ಹಾಸನದಿಂದ ವಿಜಯವಾಡಕ್ಕೆ ಬಂದವನು, ಎರಡು ಸಾವಿರದ ಮೂರರಲ್ಲಿ, ನಿನ್ನೆ ಬೆಳಿಗ್ಗೆ ಕಣ್ಣು ಮುಚ್ಚುವ ತನಕ, ಭವಾನಿಪುರಂನ ಈ ಬಾಡಿಗೆ ಮನೆ ಬಿಟ್ಟವನಲ್ಲ. ವಿಶಾಖಪಟ್ಟಣಕ್ಕೆ ಎರಡು ಸಲ ಬಡ್ತಿ ಬಂತು. ಎರಡು ಸಲವೂ ಬೇಡವೆಂದು ಬರೆದುಕೊಟ್ಟ.

ದಿನೇಶನ ಹೆಂಡತಿ ಸುಲೋಚನಾ ಅಡುಗೆಮನೆಯಿಂದ ಸೊಂಟ ಹಿಡಿದುಕೊಂಡು ಬಂದಳು. "ಭಾವ ಆರಡಿ ಆಳು. ಬಗ್ಗಿ ಬಗ್ಗಿನೇ ಸತ್ರು."

ಎಲ್ಲರಿಗೂ ಕೇಳಿಸಿತು. ಜಲಜಾ ಗಂಡನ ಎದೆಯ ಮೇಲಿನ ಹಾರ ಸರಿಮಾಡಿದಳು.

"ಹದಿಮೂರು ದಿನ ಮುಗೀಲಿ, ಅತ್ತಿಗೆ ನಮ್ ಜೊತೆ ಹಾಸನಕ್ಕೆ," ದಿನೇಶ ಅಂದ.

"ನಿಮ್ದು ಮಹಡಿ ಮನೆ ಅಲ್ವಾ?" ಜಲಜಾ ಕೇಳಿದಳು.

"ಎತ್ಕೊಂಡ್ ಹೋಗ್ತೀವಿ ಬಿಡಿ."

"ಕೆಳಗೆ ಬರ್ಬೇಕು ಅನ್ನಿಸಿದ್ರೆ?"

"ಯಾಕ್ ಬರ್ಬೇಕು?"

"ನಾನ್ ಇಲ್ಲೇ ಇರ್ತೀನಿ."

ಮನೆ ಒಡತಿ ಗಂಗಾಭವಾನಿ ಮುಂದೆ ಬಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಅಂದಳು. "ಇರ್ಲಿ ಬಾಬೂ. ಮನೆ ನಂದೇ ಕದಾ, ನಂದೇ ಅಲ್ವಾ? ಜಲಜಮ್ಮ ಇಲ್ಲೇ ಇರ್ಲಿ."

*

ಬಂದ ಹೊಸದರಲ್ಲಿ ಸೂರ್ಯಪ್ರಕಾಶ ಬ್ಯಾಂಕಿನ ಕೆಂಪು ಪೆನ್ಸಿಲ್ ಹಿಡಿದು ಅವಳ ಪಕ್ಕ ನೆಲಕ್ಕೆ ಕುಕ್ಕರಿಸಿದ್ದ.

"ಕೈ ಎತ್ತು. ಇನ್ನೂ."

"ಇಷ್ಟೇ ಕಣ್ರೀ."

"ಇಷ್ಟು ಸಾಕು." ಗೋಡೆಯುದ್ದಕ್ಕೂ ಗೆರೆ ಎಳೆದ. ಸ್ವಿಚ್ಚು, ನಲ್ಲಿ, ಒಲೆ, ಕನ್ನಡಿ, ಎಲ್ಲವೂ ಅದರ ಕೆಳಗೆ ಬಂದವು.

ಗಾರೆ ಕೆಲಸದ ಈಶ್ವರಯ್ಯ ಮಾತ್ರ, ಪಾಪ, ಸಾರ್ ಅಳತೆ ತಪ್ಪಿದ್ದಾರೆ ಅಂದುಕೊಂಡು ಅಡುಗೆ ಕಟ್ಟೆಯನ್ನು ಸೊಂಟದೆತ್ತರಕ್ಕೆ ಕಟ್ಟಿಬಿಟ್ಟ. ಸೂರ್ಯಪ್ರಕಾಶ ಬೈಯಲಿಲ್ಲ. ಅವನನ್ನು ನೆಲದ ಮೇಲೆ ಕೂರಿಸಿದ.

"ಮೇಲೆ ಹಾಲು ಉಕ್ತಾ ಇದೆ. ಏಳದೇ ಇಳಿಸು ನೋಡೋಣ."

ಈಶ್ವರಯ್ಯ ಕೈ ಚಾಚಿದ. ಆಮೇಲೆ ಸುತ್ತಿಗೆ ಎತ್ತಿಕೊಂಡ.

*

ಕೃಷ್ಣೆಯ ದಡದಲ್ಲಿ ಸುಟ್ಟು, ಮಿಂದು, ಗಂಡಸರು ವಾಪಸಾದರು. ದೀಪ ನೋಡಿದ ಮೇಲೆ ದಿನೇಶ ಮತ್ತೆ ಹೊರಗೆ ಹೋಗಿ ಒಂದು ಪೊಟ್ಟಣ ತಂದ.

"ಇರ್ತೀನಿ ಅಂದ್ರೆ ಇರಿ ಅತ್ತಿಗೆ, ನಾನ್ ಬೇಡ ಅನ್ನಲ್ಲ. ಆದ್ರೆ ಈ ಬಾಗ್ಲಿನ ಚಿಲಕ, ಕಿಟಕೀಲಿ ಕೈ ಹಾಕಿದ್ರೆ ಕಳ್ಳಂಗೂ ಸಿಗತ್ತೆ. ಒಂಟಿ ಹೆಂಗ್ಸು ನೀವು."

ಹಳೆಯದನ್ನು ಕಿತ್ತ. ತನ್ನ ಕಣ್ಣಿನೆತ್ತರಕ್ಕೆ ಉಕ್ಕಿನ ಹೊಸ ಚಿಲಕ ಜಡಿದು, ಎಳೆದು ಹಾಕಿ, ಎರಡು ಸಲ ಬಾಗಿಲು ಅಲ್ಲಾಡಿಸಿ ನೋಡಿದ. ಅಣ್ಣನಿಗೆ ಇಷ್ಟಾದರೂ ಮಾಡಿದೆನೆಂದು ಅವನ ಕಣ್ಣು ಒದ್ದೆಯಾಯಿತು. ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಗಂಡ ಹೆಂಡತಿ ಕೋಣೆ ಸೇರಿ ನಿದ್ದೆಹೋದರು.

ಸಂಜೆ ಬಾಗಿಲು ಬಡಿದ ಸದ್ದು.

"ಜಲಜಮ್ಮಾ, ಅನ್ನ ತಂದಿದೀನಿ. ತೆಗೀರಿ."

"ಬಂದೆ."

ತೆವಳಿ ಹೋದಳು. ಬೆನ್ನು ನೆಟ್ಟಗೆ ಮಾಡಿ ಕೈ ಎತ್ತಿದಳು. ಬೆರಳ ತುದಿಯಿಂದ ಚಿಲಕದ ತನಕ ಒಂದು ಮೊಳ ಬರೀ ಬಾಗಿಲು. ಆಚೆ ಗಂಗಾಭವಾನಿ ಬಿಸಿ ಪಾತ್ರೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತಿದ್ದಳು.