ಮುಖ ಕೇಳಿದ ಕಂಪನಿ

ಓದು ಮುಗಿಸಿದ ಮಕ್ಕಳು ಮನೆಯಲ್ಲಿ ಕೂತರೆ ಮನೆಯವರಿಗಿಂತ ಓಣಿಯವರಿಗೆ ಚಿಂತೆ ಹೆಚ್ಚು. ಖಾನಾಪುರದ ಬಾಳಪ್ಪನಿಗಂತೂ ಇಡೀ ಬಸ್ಸೇ ಓಣಿ. ಅವನು ಖಾನಾಪುರ–ಬೆಳಗಾವಿ ಬಸ್ಸಿನ ಕಂಡಕ್ಟರ್. ದಿನಾ ಅದೇ ದಾರಿ, ಅದೇ ಮಂದಿ. ಟಿಕೆಟಿಗೆ ಕೈ ಚಾಚುತ್ತಲೇ ಕೇಳುವರು, "ಬಾಳಪ್ಪಣ್ಣ, ಮಗಳಿಗೆ ನೌಕರಿ ಆತೇನು?" ಕನ್ನಡದವರು ಕನ್ನಡದಲ್ಲಿ, ಮರಾಠಿಯವರು ಮರಾಠಿಯಲ್ಲಿ. ಬಾಳಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುವನು: "ನೋಡಾಕತ್ತಾಳ."

ಮಗಳು ಸಾಕ್ಷಿ ಬೆಳಗಾವಿಯ ಕಾಲೇಜಿನಲ್ಲಿ ಬಿಸಿಎ ಮುಗಿಸಿದ್ದಳು. ಒಳ್ಳೆಯ ಅಂಕಗಳೇ ಬಂದಿದ್ದವು. ಅವಳಿಗಿಂತ ಮುಂಚೆ ಓದಿದವರನ್ನು ಕಂಪನಿಗಳು ಕಾಲೇಜಿಗೇ ಬಂದು ಗುಂಪುಗುಂಪಾಗಿ ತೆಗೆದುಕೊಂಡು ಹೋಗಿದ್ದವು. ಅವಳ ಸರದಿ ಬಂದಾಗ ಬಂದ ಕಂಪನಿಗಳೇ ಕಡಿಮೆ. ತಯಾರಾದ ಸಾಫ್ಟ್‌ವೇರ್ ಸರಿಯಾಗಿದೆಯೋ ಇಲ್ಲವೋ ನೋಡುವುದು, ಸಣ್ಣಪುಟ್ಟ ಕೋಡ್ ಬರೆಯುವುದು, ಇಂಥ ಕೆಲಸ ಕೊಟ್ಟೇ ಹೊಸಬರನ್ನು ಪಳಗಿಸುತ್ತಿದ್ದರು. ಈಗ ಅದರಲ್ಲಿ ಬಹಳಷ್ಟನ್ನು ಎ.ಐ. ಮಾಡಿ ಮುಗಿಸುತ್ತದೆ.

ಸಾಕ್ಷಿ ಮೊಬೈಲಿನಲ್ಲೇ ಅರ್ಜಿ ಹಾಕುತ್ತಿದ್ದಳು. ಅರ್ಜಿ ಕಳಿಸಿ ಚಹಕ್ಕಿಟ್ಟರೆ, ಚಹ ಕುದಿಯುವುದರೊಳಗೆ ಉತ್ತರ ಬಂದಿರುತ್ತಿತ್ತು. "ಕ್ಷಮಿಸಿ, ನಿಮ್ಮನ್ನು ಆಯ್ಕೆ ಮಾಡಲಾಗಿಲ್ಲ."

"ಇಷ್ಟ ಲಗೂನ ಯಾರ ಓದಿದ್ರವ್ವಾ?" ಎಂದು ತಾಯಿ ನಿಂಗವ್ವ ಕೇಳಿದಳು.

"ಯಾರೂ ಓದಿಲ್ಲವ್ವಾ. ಮಷೀನ್ ಓದತೈತಿ, ಮಷೀನ್ ಬ್ಯಾಡ ಅಂತೈತಿ."

ಬಾಳಪ್ಪನಿಗೆ ಈ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಂದುಬಿಟ್ಟ: "ಕಂಪ್ಯೂಟರ್ ಕಲತಾಕಿಗೆ ಕಂಪ್ಯೂಟರೇ ನೌಕರಿ ಕೊಡವಲ್ದಂತ. ಇದನ್ನ ಬಸ್ಸಿನ್ಯಾಗ ಹೇಳಿದ್ರ ಮಂದಿ ನಗತಾರ. ಮನಸಿಟ್ಟು ಹುಡುಕಿದ್ರ ಸಿಗೂದಿಲ್ಲೇನು?"

ಸಾಕ್ಷಿ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದಳು. ಅವತ್ತಿನಿಂದ ಅವಳು ಅಪ್ಪ ಮನೆಯಲ್ಲಿರುವಾಗ ಅಡಿಗೆಮನೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡಿದಳು.

ಹೀಗಿರುವಾಗ ಒಂದು ಸಂದೇಶ ಬಂತು. ಯಾವುದೋ ದೊಡ್ಡ ಊರಿನ ಕಂಪನಿ. ಎ.ಐ.ಗೆ ಕನ್ನಡ ಕಲಿಸುವ ಕೆಲಸ, ಮನೆಯಲ್ಲೇ ಕೂತು ಮಾಡಬಹುದು, ನಾಳೆಯೇ ವಿಡಿಯೋ ಸಂದರ್ಶನ ಎಂದಿತ್ತು.

ಸಂದರ್ಶನ ಮಾಡಲು ಮೊಬೈಲಿನಲ್ಲಿ ಬಂದವಳು ಕನ್ನಡಕ ಹಾಕಿದ, ನಗುಮುಖದ ಒಬ್ಬ ಯುವತಿ. ಬಹಳ ಸಮಾಧಾನದಿಂದ ಮಾತಾಡಿದಳು. ಇಷ್ಟು ತಿಂಗಳಲ್ಲಿ ಸಾಕ್ಷಿಯ ಹೆಸರು ಹಿಡಿದು ಮಾತಾಡಿಸಿದವಳು ಅವಳೊಬ್ಬಳೇ. ಓದಿದ ವಿಷಯ ಒಂದೆರಡು ಕೇಳಿ, ಆಮೇಲೆ ಹೇಳಿದಳು: "ಮುಖವನ್ನು ಎಡಕ್ಕೆ ತಿರುಗಿಸಿ. ಬಲಕ್ಕೆ ತಿರುಗಿಸಿ. ಕಣ್ಣು ಮಿಟುಕಿಸಿ. ಈಗ ನಗಿ. ಆಧಾರ್ ಕಾರ್ಡನ್ನು ಗಲ್ಲದ ಹತ್ತಿರ ಹಿಡಿಯಿರಿ." ಸಂಬಳಕ್ಕೆ ಖಾತೆ ತೆಗೆಯಬೇಕೆಂದು ಮೊಬೈಲಿಗೆ ಬಂದ ಒಟಿಪಿಯನ್ನೂ ಕೇಳಿದಳು. ಸಾಕ್ಷಿ ಎಲ್ಲವನ್ನೂ ಕೊಟ್ಟಳು. ಅವತ್ತೇ ನೌಕರಿ ಖಾತ್ರಿಯಾಯಿತು.

ಮರುದಿನ ಬಾಳಪ್ಪ ಬೆಳಗಾವಿಯಿಂದ ಕುಂದಾ ಮಿಠಾಯಿ ತಂದು ಬಸ್ಸಿಗೆಲ್ಲ ಹಂಚಿದ.

ಅದೇ ವಾರ ನಿಂಗವ್ವನ ತಂಗಿ ಕಾಂತಾ ಬೆಳಗಾವಿಯಿಂದ ಬಂದಳು. ಅವಳು ಹಿಂದೆ ಅಲ್ಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರಿಯ ಅರ್ಜಿಗಳನ್ನು ಓದಿ, ಹುಡುಗ ಹುಡುಗಿಯರನ್ನು ಸಂದರ್ಶನಕ್ಕೆ ಕರೆಯುವ ಕೆಲಸ ಮಾಡುತ್ತಿದ್ದಳು. ಕಂಪನಿ ಆ ಕೆಲಸಕ್ಕೆ ಎ.ಐ. ಹಚ್ಚಿದ ಮೇಲೆ ಅವಳನ್ನು ಮನೆಗೆ ಕಳಿಸಿತ್ತು. ಈಗ ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬಿನ ಕೌಂಟರಿನಲ್ಲಿ ಕೂರುತ್ತಿದ್ದಳು.

"ಆಫೀಸ್ ಎಲ್ಲೈತಿ ಸಾಕ್ಷಿ?" ಎಂದು ಕಾಂತಾ ಕೇಳಿದಳು.

"ಎಲ್ಲಾ ಆನ್‌ಲೈನ್ ಚಿಗವ್ವಾ."

"ಆ ಹುಡಿಗಿನ್ನ ಬಿಟ್ಟು ಮತ್ತ್ಯಾರರೆ ಮಾತಾಡಿದ್ರೇನು? ನೀ ತಿರುಗಿ ಫೋನ್ ಮಾಡಿದ್ರ ಯಾರರೆ ಎತ್ತತಾರೇನು?"

ಸಾಕ್ಷಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಮಾಮಾ, ನನಗ ಯಾಕೋ ಹೆದರಿಕಿ ಆಗತೈತಿ," ಎಂದು ಕಾಂತಾ ಬಾಳಪ್ಪನ ಕಡೆ ತಿರುಗಿದಳು. "ಖರೇ ಕಂಪನಿಗೋಳೂ ಈಗ ಮೊದಲ ಸುತ್ತು ಮಷೀನಿನ ಕಡೆ ಮಾಡಸ್ತಾವ, ಇಲ್ಲನ್ನೂದಿಲ್ಲ. ಆದ್ರ ನೌಕರಿ ಕೊಡೂಕಿಂತ ಮೊದಲ ಒಬ್ಬ ಮನಿಷ್ಯಾ ಬಂದ ಬರತಾನ. ಒಟಿಪಿ ಯಾರೂ ಕೇಳೂದಿಲ್ಲ. ಮಾರಿ ಹಿಂಗ ತಿರಗಸು, ಹಂಗ ತಿರಗಸು ಅಂತ ಯಾಕ ಕೇಳಿದ್ರು?"

ಬಾಳಪ್ಪ ಸಿಟ್ಟಿಗೆದ್ದ. "ನಿನ್ನ ನೌಕರಿ ಹೋತಂತ ಆಕಿ ನೌಕರಿ ಮ್ಯಾಲೆ ಕಣ್ಣು ಹಾಕಬ್ಯಾಡ ಕಾಂತಾ."

ಕಾಂತಾ ಚಹದ ಕಪ್ಪು ಕೆಳಗಿಟ್ಟು ಎದ್ದಳು. ನಿಂಗವ್ವ ಬಾಗಿಲವರೆಗೂ ಹೋಗಿ ತಂಗಿಯ ಕೈ ಹಿಡಿದಳು. ಕಾಂತಾ ಕೈ ಬಿಡಿಸಿಕೊಂಡು ಹೋದಳು.

ಕೆಲಸ ಶುರುವಾಯಿತು. ಫೋನಿಗೆ ವಾಕ್ಯಗಳು ಬರುತ್ತಿದ್ದವು. ಸಾಕ್ಷಿ ಕ್ಯಾಮೆರಾ ಎದುರು ಕೂತು ಅವನ್ನು ಓದಬೇಕು. "ಪುಸ್ತಕದಂತೆ ಬೇಡ, ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆ ಹೇಳಿ" ಎಂದು ಸೂಚನೆಯಿತ್ತು. ಅವಳು ಹಾಗೇ ಹೇಳಿದಳು. "ಹೆದರಬ್ಯಾಡ್ರಿ." "ಖರೇನ ಹೇಳತೀನ್ರಿ." "ನಾನೂ ನಿಮ್ಮ ಕಡೆಯಾಕೀನ." ಒಮ್ಮೆ ನಗುತ್ತ, ಒಮ್ಮೆ ಗಂಭೀರವಾಗಿ, ಒಮ್ಮೆ ಸಮಾಧಾನ ಮಾಡುವ ಹಾಗೆ. ಸಂಬಳ ಕೇಳಿದರೆ ತರಬೇತಿ ಮುಗಿದ ಮೇಲೆ ಎಂದರು. ತರಬೇತಿ ಮುಗಿಯುವ ಹೊತ್ತಿಗೆ ಆ ನಂಬರೇ ಬಂದ್ ಆಯಿತು.

ಸಾಕ್ಷಿ ಇದನ್ನು ಮನೆಯಲ್ಲಿ ಹೇಳಲಿಲ್ಲ. ಕುಂದಾ ಹಂಚಿ ಬಂದ ಅಪ್ಪನಿಗೆ ಹೇಗೆ ಹೇಳುವುದು? ದಿನಾ ಬಾಗಿಲು ಮುಚ್ಚಿಕೊಂಡು ಕೂತು ಕೆಲಸ ಮಾಡುವವಳಂತೆ ನಟಿಸಿದಳು.

ಮಳೆಗಾಲ ಶುರುವಾದಾಗ ಒಂದು ಮಧ್ಯಾಹ್ನ ಅವಳು ಬೆಳಗಾವಿಯ ಪೇಟೆಯಿಂದ ಅಪ್ಪನ ಬಸ್ಸಿನಲ್ಲೇ ಊರಿಗೆ ಬರುತ್ತಿದ್ದಳು. ಬಸ್ಸು ತುಂಬಿತ್ತು. ಹಿಂದಿನ ಸೀಟಿನಲ್ಲಿದ್ದ ಒಬ್ಬ ಯುವಕ ಅವಳನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಬಂದು ಅವಳ ಸೀಟಿನ ಪಕ್ಕ ನಿಂತ.

"ಮೇಡಂ, ನನ್ನ ರೊಕ್ಕ ಕೊಡ್ರಿ."

ಸಾಕ್ಷಿಗೆ ಅರ್ಥವಾಗಲಿಲ್ಲ. "ಯಾರ್ರೀ ನೀವು?"

"ಗುರತ ಹತ್ತಲಿಲ್ಲೇನ್ರಿ? ನಾ ಅಮರ, ಜಾಂಬೋಟಿಯಾಂವ. ನನ್ನ ಇಂಟರ್ವ್ಯೂ ಮಾಡಿದಾಕಿ ನೀವ. ಲ್ಯಾಪ್‌ಟಾಪ್ ಕಳಸ್ತೀವಿ, ಡಿಪಾಜಿಟ್ ಕಟ್ಟು ಅಂದಾಕಿ ನೀವ. ನಮ್ಮವ್ವನ ಕೊಳ್ಳಾಗಿನ ಬಂಗಾರದ ಬೋರಮಾಳ ಅಡವಿಟ್ಟು ಕಟ್ಟೀನಿ."

ಅವನ ದನಿ ಏರಿತು. ಮಂದಿ ಎದ್ದು ನಿಂತರು. ಬಾಳಪ್ಪ ಟಿಕೆಟ್ ಮಷೀನು ಹಿಡಿದು ನುಗ್ಗಿ ಬಂದ. "ಏ ತಮ್ಮಾ, ಬಾಯಿ ಬಿಗಿ ಹಿಡಿ! ಆಕಿ ನನ್ನ ಮಗಳದಾಳ!"

ಅಮರ ಮೊಬೈಲು ತೆಗೆದು ತಾನು ಉಳಿಸಿಕೊಂಡಿದ್ದ ಸಂದರ್ಶನದ ವಿಡಿಯೋ ಹಚ್ಚಿ ಬಾಳಪ್ಪನ ಮುಖದ ಮುಂದೆ ಹಿಡಿದ.

ಅದರಲ್ಲಿ ಸಾಕ್ಷಿ ಇದ್ದಳು. ಅವಳದೇ ಮುಖ, ಅವಳದೇ ದನಿ. ಅವಳು ಎಂದೂ ತೊಡದ ಕಪ್ಪು ಕೋಟು ತೊಟ್ಟು, ಎಂದೂ ಕಾಲಿಡದ ಆಫೀಸಿನಲ್ಲಿ ಕೂತು ಹೇಳುತ್ತಿದ್ದಳು: "ಹೆದರಬ್ಯಾಡ್ರಿ ಅಮರ. ನಾನೂ ನಿಮ್ಮ ಕಡೆಯಾಕೀನ, ಖಾನಾಪುರದಾಕಿ. ನಮ್ಮವರಿಗೆ ನಾ ಮೋಸ ಮಾಡತೀನೇನ್ರಿ?"

ಬಾಳಪ್ಪ ಮಗಳ ಕಡೆ ನೋಡಿದ. ಹುಟ್ಟಿದಂದಿನಿಂದ ಕೇಳಿದ ದನಿ ಅದು. ಆ ಒಂದು ಗಳಿಗೆ, ಇವಳೇ ಮಾಡಿರಬಹುದೇ ಎಂಬ ಸಂಶಯ ಹೆತ್ತ ತಂದೆಗೂ ಬಂತು. ಅದು ಸಾಕ್ಷಿಗೆ ಅವನ ಕಣ್ಣಿನಲ್ಲಿ ಕಂಡಿತು.

"ಅಪ್ಪಾ, ಅದು ನಾ ಅಲ್ಲಪ್ಪಾ," ಎಂದಳು. ಬಸ್ಸಿನವರಿಗೆಲ್ಲ ಅದು ವಿಡಿಯೋದಲ್ಲಿ ಕೇಳಿದ ದನಿಯಂತೆಯೇ ಕೇಳಿಸಿತು.

ಮನೆಗೆ ಬಂದವಳು ಹಾಸಿಗೆ ಹಿಡಿದಳು. ಊಟ ಬಿಟ್ಟಳು, ಕನ್ನಡಿಗೆ ಬಟ್ಟೆ ಹೊದಿಸಿದಳು. ನಿಂಗವ್ವ ಗಂಡನನ್ನು ಕೇಳದೆ ತಂಗಿಗೆ ಫೋನು ಮಾಡಿದಳು. ಕಾಂತಾ ಮೊದಲ ಬಸ್ಸಿಗೇ ಬಂದಳು. "ನಾ ಅವತ್ತ ಹೇಳಿದ್ದೆ" ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಸಾಕ್ಷಿಯ ತಲೆಯ ಹತ್ತಿರ ಕೂತು ಎಲ್ಲವನ್ನೂ ಮೊದಲಿನಿಂದ ಕೇಳಿಸಿಕೊಂಡಳು.

"ನಿನ್ನ ಇಂಟರ್ವ್ಯೂ ಮಾಡಿದ್ಲಲ್ಲ, ಕನ್ನಡಕದ ಹುಡಿಗಿ," ಎಂದು ಕೊನೆಗೆ ಹೇಳಿದಳು. "ಆಕಿನೂ ನಿನ್ನಂಗ ಎಲ್ಲಿಯಾಕಿನೋ ಇರಬೇಕು. ಆಕಿಗೂ ಯಾರೋ ಮಾರಿ ತಿರಗಸು ಅಂದಿರಬೇಕು."

ಸಾಕ್ಷಿ ಆಗ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು.

"ಆ ಹುಡುಗ ಕಂಪ್ಲೇಂಟ್ ಕೊಡೂ ಮೊದಲ ನಾವ ಠಾಣೆಗೆ ಹೋಗೂಣು, ಏಳು," ಎಂದಳು ಕಾಂತಾ.

"ಠಾಣೆ ಮೆಟ್ಟಲಾ ಹತ್ತಿದ್ರ ಹುಡಿಗಿ ಹೆಸರು ಕೆಡತೈತಿ," ಎಂದ ಬಾಳಪ್ಪ. ಅವನ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಹೆಸರು ಕೆಡಸಾಕ ಅವರು ದಿನಾ ಕುಂತಾರ ಮಾಮಾ. ಸುಮ್ನ ಕುಂತ್ರ ಆಕಿನೂ ಅವರ ಜೋಡಿ ಅದಾಳ ಅಂತ ಆಗತೈತಿ."

ನಿಂಗವ್ವ ಅಷ್ಟರಲ್ಲಿ ಸೆರಗು ಕಟ್ಟಿಕೊಂಡು ಹೊರಟು ನಿಂತಿದ್ದಳು. ಬಾಳಪ್ಪ ಅವತ್ತು ರಜೆ ಹಾಕಿದ. ಜಾಂಬೋಟಿಗೆ ಹೇಳಿಕಳಿಸಿ ಅಮರನನ್ನೂ ಕರೆಸಿದ.

ಬೆಳಗಾವಿಯ ಸೈಬರ್ ಠಾಣೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಕೂರಿಸಿ ಕೇಳಿದರು. ತಾವಾಗಿಯೇ ಬಂದದ್ದು ಒಳ್ಳೆಯದಾಯಿತು ಎಂದರು. ಆಮೇಲೆ ಕಂಪ್ಯೂಟರ್ ನೋಡಿ, ಇದು ಎ.ಐ. ತಯಾರಿಸಿದ ವಿಡಿಯೋ, ಅದೇ ಮುಖದ ಮೇಲೆ ಬೇರೆ ಜಿಲ್ಲೆಯಿಂದಲೂ ದೂರು ಬಂದಿದೆ ಎಂದು ತಿಳಿಸಿದರು. ಸಾಕ್ಷಿಯ ಹೆಸರಿನಲ್ಲಿ ತೆಗೆದ ಖಾತೆಗೇ ಮೋಸದ ಹಣ ಬಂದು, ಬಂದ ಹಾಗೇ ಹೊರಗೆ ಹೋಗಿತ್ತು. ಖಾತೆಯನ್ನು ತಡೆಹಿಡಿದರು.

"ನನ್ನ ರೊಕ್ಕ ಸಿಗತೈತೇನ್ರಿ?" ಎಂದ ಅಮರ.

"ಕಟ್ಟಿದ ಕೂಡ್ಲೆ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಮಾಡಿದ್ರ ರೊಕ್ಕಾ ನಡು ದಾರ್ಯಾಗ ತಡಿಯೂ ಸಾಧ್ಯತಾ ಇತ್ತು. ಯಾಕ ಮಾಡಲಿಲ್ಲ?"

ಅಮರ ತಲೆ ತಗ್ಗಿಸಿದ. "ನಾಚಿಕಿ ಬಂತ್ರಿ. ಮನ್ಯಾಗ ನೌಕರಿ ಸಿಕ್ಕೈತಿ ಅಂದಿದ್ದೆ."

ಬಾಳಪ್ಪ ಅವನನ್ನು ನೋಡಿದ, ಮಗಳನ್ನು ನೋಡಿದ. ಇಬ್ಬರೂ ಒಂದೇ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿದ್ದರು.

"ಮೇಡಂ," ಎಂದಳು ಸಾಕ್ಷಿ ಮೆಲ್ಲಗೆ. "ನನ್ನ ಮಾರಿ ತಿರುಗಿ ಸಿಗತೈತೇನ್ರಿ?"

ಅಧಿಕಾರಿ ಸುಳ್ಳು ಹೇಳಲಿಲ್ಲ. "ಸಿಕ್ಕ ವಿಡಿಯೋ ತಗಸ್ತೀವವ್ವಾ. ಎಲ್ಲಾ ಅಳಸಾಕ ಆಗತೈತಿ ಅಂತ ನಾ ಮಾತು ಕೊಡೂದಿಲ್ಲ."

ಠಾಣೆಯ ಹೊರಗೆ ಜಿಟಿಜಿಟಿ ಮಳೆ. ಚಹದಂಗಡಿಯ ತಗಡಿನ ಕೆಳಗೆ ಐದೂ ಜನ ನಿಂತರು. ಬಾಳಪ್ಪ ಚಹದ ಕಪ್ಪನ್ನು ಕಾಂತಾಳ ಕೈಗೆ ಕೊಟ್ಟು ಹೇಳಿದ: "ಕಾಂತಾ, ನಾ ಆಡಬಾರದ ಮಾತು ಆಡಿದೆ. ಮನಸಿಟ್ಟು ಹುಡುಕೂದಿಲ್ಲ ಅಂತ ಈಕಿಗೆ ಅಂದೆ. ಆ ಮಾತಿಗೇ ಈಕಿ ಯಾರ ಕರದ್ರೂ ಹೋದ್ಲು."

"ಈಕಿ ಒಬ್ಬಾಕಿಗೆ ಹಿಂಗ ಆಗಿಲ್ಲ ಮಾಮಾ. ಕೆಲಸಾ ಖರೇನ ಕಡಿಮಿ ಆಗ್ಯಾವ. ನಾಳೆ ಮತ್ತ ಬರತಾವ ಅಂತ ನಾನೂ ಹೇಳಾಕ ಬರೂದಿಲ್ಲ. ಆದ್ರ ಮೊಬೈಲ್‌ನ್ಯಾಗ ಅರ್ಜಿ ಒಗದು ಕುಂದರೂದ ಒಂದ ದಾರಿ ಅಲ್ಲ. ಇಲ್ಲೇ ಬೆಳಗಾವಿ ಉದ್ಯಮಬಾಗದಾಗ ಕಾರಖಾನೆ ಅದಾವ, ದವಾಖಾನೆ ಅದಾವ, ಅಡತಿ ಅಂಗಡಿ ಅದಾವ. ಅಲ್ಲೆಲ್ಲಾ ಈಗ ಕಂಪ್ಯೂಟರ್, ಎ.ಐ. ಬಂದೈತಿ. ಅದು ತಪ್ಪು ಮಾಡಿದ್ರ ಹಿಡಿಯೂ ಮಂದಿ ಬೇಕು. ನಾ ಜೋಡಿ ಬರತೀನಿ, ಬಾಗಲಕ್ಕ ಹೋಗಿ ಕೇಳೂಣು."

ಕೇಳಲು ಹೋದರು. ಹಲವು ಕಡೆ ಇಲ್ಲ ಎಂದರು. ಕೊನೆಗೆ ಎರಕದ ಒಂದು ಸಣ್ಣ ಕಾರಖಾನೆಯಲ್ಲಿ ಸಾಕ್ಷಿಯನ್ನು ಕಲಿಯಲು ಸೇರಿಸಿಕೊಂಡರು. ಎರಕದ ಸಾಮಾನಿನಲ್ಲಿ ಬಿರುಕಿದ್ದರೆ ಕಂಪ್ಯೂಟರ್ ತೋರಿಸುತ್ತದೆ, ಅದು ಖರೆಯೋ ಸುಳ್ಳೋ ಇವಳು ನೋಡಬೇಕು. ಕಾಯಂ ಮಾಡುತ್ತೇವೆಂದು ಯಾರೂ ಹೇಳಿಲ್ಲ. ಕಾರಖಾನೆಗೆ ಅವಳು ಮುಖಕ್ಕೆ ಓಢಣಿ ಸುತ್ತಿಕೊಂಡೇ ಹೋಗುತ್ತಾಳೆ. ಧೂಳಿಗೆಂದು ಬೇರೆಯವರು ತಿಳಿದಿದ್ದಾರೆ. ಅಮರನ ತಾಯಿಯ ಬೋರಮಾಳ ಇನ್ನೂ ಬಿಡಿಸಿಲ್ಲ. ಪೊಲೀಸರ ತನಿಖೆ ನಡೆದಿದೆ.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ನೌಕರಿ ಹುಡುಕುತ್ತಿರುವ ಮಕ್ಕಳಿರಬಹುದು. ಅವರನ್ನು ಹೀಯಾಳಿಸಬೇಡಿ. ಇವತ್ತು ಯಾರು ಕರೆದರು, ಏನು ಕೇಳಿದರು ಎಂದು ಜೊತೆಗೆ ಕೂತು ವಿಚಾರಿಸಿ. ಮನೆಯವರಿಗೆ ಹೆದರುವ ಮಗು ಮೋಸಗಾರರಿಗೆ ಬಲು ಸುಲಭವಾಗಿ ಸಿಗುತ್ತದೆ.

ಹುಡುಕುತ್ತಿರುವ ಮಕ್ಕಳೇ, ಕರೆದ ಕಂಪನಿಯ ವಿಳಾಸ, ಫೋನ್ ನಂಬರನ್ನು ನೀವೇ ಬೇರೆ ಕಡೆಯಿಂದ ಹುಡುಕಿ, ಫೋನ್ ಮಾಡಿ ಕೇಳಿ. ನೌಕರಿ ಕೊಡಲು ಹಣ ಕೇಳಿದರೆ, ಒಟಿಪಿ ಕೇಳಿದರೆ, ಮುಖ ತಿರುಗಿಸಿ ತೋರಿಸು, ದನಿ ಮುದ್ರಿಸಿ ಕಳಿಸು ಎಂದರೆ ಅಲ್ಲಿಗೇ ನಿಲ್ಲಿಸಿ. ಕೊಟ್ಟಾಗಿದ್ದರೆ ನಾಚಬೇಡಿ, ನಾಳೆಗೆ ಇಡಬೇಡಿ. ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ.

ಖಾನಾಪುರದ ಆ ಹುಡುಗಿಯ ಮುಖ ಇನ್ನೂ ಎಲ್ಲೋ ಓಡಾಡುತ್ತಿದೆ. ಒಂದು ದಿನ ನಿಮ್ಮ ಮೊಬೈಲಿನಲ್ಲೂ ಬಂದೀತು. ನಕ್ಕು, ನಮ್ಮದೇ ಮಾತಿನಲ್ಲಿ ಹೆದರಬ್ಯಾಡ್ರಿ ಅಂದೀತು. ದಯವಿಟ್ಟು ಹೆದರಿ. ಮಾತಾಡುತ್ತಿರುವವಳು ಅವಳಲ್ಲ.