ನೋಡುವಷ್ಟು ಹೊತ್ತು

ಬೋರ್ಡ್ ಬರೆಯುವವನಿಗೆ ಕೈಗಿಂತ ಕಣ್ಣು ಮುಖ್ಯ ಎಂದು ಅವನು ಹಿಂದೆಲ್ಲ ಹೇಳುತ್ತಿದ್ದ. ಏಣಿಯಿಂದ ಬಿದ್ದು ಕುತ್ತಿಗೆಗೆ ಪೆಟ್ಟಾಗಿ, ಕೈಗಳೆರಡೂ ಮಡಿಲಲ್ಲಿ ಸುಮ್ಮನೆ ಕುಳಿತ ಮೇಲೆ ಆ ಮಾತನ್ನು ತಾನೇ ರುಜುವಾತು ಮಾಡಬೇಕಾಯಿತು. ಈಗ ಅವನ ಕಂಪ್ಯೂಟರಿನ ಕೆಳಗೆ ಕಣ್ಣಿನ ಚಲನೆ ಹಿಡಿಯುವ ಸಣ್ಣ ಕ್ಯಾಮೆರಾ ಇತ್ತು. ಕಣ್ಣು ಹೋದಲ್ಲಿ ಬಾಣ ಹೋಗುತ್ತಿತ್ತು. ಒಂದು ಗಳಿಗೆ ನೋಟ ನಿಂತರೆ ಅದೇ ಕ್ಲಿಕ್ಕು.

ತೊಂದರೆ ಆ ಗಳಿಗೆಯದೇ. ಒಂದು ಅಕ್ಷರ ಮುಗಿದ ಕೂಡಲೇ ಹಿಂದೆ ಸರಿದು, ಅಕ್ಷರಗಳ ನಡುವಿನ ಖಾಲಿ ಜಾಗವನ್ನು ದಿಟ್ಟಿಸುವುದು ಅವನ ಹಳೆಯ ಅಭ್ಯಾಸ. ಅದು ಬರಿಯ ನೋಟವೆಂದು ಯಂತ್ರಕ್ಕೆ ತಿಳಿಯದು. ಖಾಲಿ ಜಾಗ ನೋಡಿದರೆ ಅಲ್ಲೊಂದು ಚುಕ್ಕೆ ಬಿತ್ತು. ಅಕ್ಷರ ನೋಡಿದರೆ ಅದು ಪಕ್ಕಕ್ಕೆ ಜಾರಿತು. ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಸಂಜೆ ಗಡಿಯಾರದಂಗಡಿಯ ಯಜಮಾನರು ನಮೂನೆ ನೋಡಲು ಬರುವವರಿದ್ದರು. ಹಳೆಯ ಗಿರಾಕಿ. ಆದರೂ, ಆಗದಿದ್ದರೆ ಸಿದ್ಧ ಅಕ್ಷರ ಅಂಟಿಸುವವರಿಗೆ ಕೊಡುತ್ತೇನೆ ಎಂದು ಮೆತ್ತಗೆ ಹೇಳಿ ಹೋಗಿದ್ದರು. ಬಿದ್ದ ಮೇಲೆ ಬಂದ ಮೊದಲ ಕೆಲಸ ಅದು. ಕೈತಪ್ಪಿದರೆ ಇನ್ನೊಬ್ಬರು ಹುಡುಕಿಕೊಂಡು ಬರಲಾರರು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಯಂತ್ರ ಕೂರಿಸಿದವನು ಕೊಟ್ಟುಹೋಗಿದ್ದ, ಕ್ಲಿಕ್ಕಿಗೆಂದು ಕೆನ್ನೆಯಿಂದ ಒತ್ತುವ ಗುಂಡಿ ಇನ್ನೂ ಡಬ್ಬಿಯಲ್ಲೇ ಇತ್ತು. ಗಿರಾಕಿಗಳೆದುರು ಮುಖ ಸೊಟ್ಟ ಮಾಡಲಾರೆ ಎಂದು ಅವನು ಅದನ್ನು ಒಲ್ಲೆನೆಂದಿದ್ದ.

“ಮದುವೆಗೆ ಮುಂಚೆ ನನ್ನನ್ನೂ ಹೀಗೇ ನೋಡ್ತಾ ಕೂತಿದ್ರಿ,” ಎಂದಳು. “ನೋಡಿದ ಮಾತ್ರಕ್ಕೆ ನಾನು ಹೂಂ ಅಂದ್ನಾ? ಬಾಯಿಬಿಟ್ಟು ಕೇಳೋ ತನಕ ಕಾಯಿಸಿದ್ದೆ. ಈ ಯಂತ್ರಕ್ಕೆ ಅಷ್ಟೂ ಬಿಗುಮಾನ ಇಲ್ಲ ಕಣ್ರೀ.”

ಅವನಿಗೆ ನಗು ತಡೆಯಲಾಗಲಿಲ್ಲ. ಸರಿ, ಡಬ್ಬಿ ತೆಗೆ ಎಂದ.

ಅವಳು ಗುಂಡಿಯನ್ನು ಗಾಲಿಕುರ್ಚಿಯ ತಲೆದಿಂಬಿನ ಪಕ್ಕಕ್ಕೆ ಬಿಗಿದು, ನೋಟದ ಕ್ಲಿಕ್ಕನ್ನು ನಿಲ್ಲಿಸಿದಳು. ಅವನು ಖಾಲಿ ಜಾಗವನ್ನು ನೋಡಿದ. ಏನೂ ಆಗಲಿಲ್ಲ. ಇನ್ನಷ್ಟು ನೋಡಿದ. ಬಿದ್ದ ದಿನದಿಂದೀಚೆಗೆ ಅಷ್ಟು ನೆಮ್ಮದಿಯಾಗಿ ಅವನು ಏನನ್ನೂ ನೋಡಿರಲಿಲ್ಲ.

ಯಜಮಾನರು ಬಂದಾಗ ಪರದೆಯ ಮೇಲೆ ಅಂಗಡಿಯ ಹೆಸರಿಡೀ ಮೂಡಿತ್ತು. ಅವನು ಮಾತ್ರ ಅಲುಗಾಡದೆ ಕುಳಿತಿದ್ದ. ಸ್ವಲ್ಪ ಕಾದು, ಮಷೀನ್ ಕೆಟ್ಟಿದೆಯೇ ಎಂದು ಅವರು ಅವಳನ್ನು ಪಿಸುಮಾತಿನಲ್ಲಿ ಕೇಳಿದರು.

“ಇಲ್ಲ ಯಜಮಾನ್ರೇ,” ಎಂದ ಅವನು. “ನಾನು ನೋಡ್ತಿದ್ದೀನಿ.”

ಇನ್ನೂ ಒಂದಷ್ಟು ಹೊತ್ತು ನೋಡಿದ. ಆಮೇಲೆ ತಲೆ ವಾಲಿಸಿ ಕೆನ್ನೆಯಿಂದ ಗುಂಡಿ ಒತ್ತಿದ. ಕೊನೆಯ ಅಕ್ಷರ ಕೂದಲೆಳೆಯಷ್ಟು ಎಡಕ್ಕೆ ಸರಿದು ಕುಳಿತಿತು. ಅವನ ಮುಖ ಸೊಟ್ಟಗಾದದ್ದನ್ನು ಯಾರೂ ಕಾಣಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲಿತ್ತು.

“ಮೊದಲೂ ಬೋರ್ಡ್ ಬರೆದು, ರಸ್ತೆ ಆಚೆ ಹೋಗಿ ಹೀಗೇ ನೋಡ್ತಾ ನಿಲ್ತಿದ್ರಿ ಅಲ್ವಾ,” ಎಂದರು ಯಜಮಾನರು. ಬೋರ್ಡಿನ ಅಳತೆಯ ಚೀಟಿಯನ್ನು ಜೇಬಿನಿಂದ ತೆಗೆದು ಅವನ ಮುಂದಿಟ್ಟರು.